ಓದುಗರ ಪ್ರಶ್ನೆ: ಫೈನಲ್‌ನಲ್ಲಿ ಎತ್ತರ ಜಾಸ್ತಿಯಾದ್ರೆ ಸ್ಲಿಪ್ ಹಾಕೋದು ಹೇಗೆ, ಯಾವಾಗ ಬಿಡೋದು

ಹೋದ ಸಂಚಿಕೆಯಲ್ಲಿ ಸಣ್ಣ ವಿಮಾನದ ಲ್ಯಾಂಡಿಂಗ್ ಬಗ್ಗೆ ಬರೆದ ಮೇಲೆ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಫಾರ್ವರ್ಡ್ ಸ್ಲಿಪ್, ಅಂದ್ರೆ ವಿಮಾನನ ಗಾಳಿಗೆ ಅಡ್ಡ ಮಾಡಿ ಜಾರಿಸ್ತಾ ಎತ್ತರ ಕಳೆಯೋ ವಿಧಾನದ ಬಗ್ಗೇನೇ ಇವೆ, ಅದಕ್ಕೆ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ವಿಮಾನ ಓಡಿಸದೇ ಇರೋರೂ ಇದನ್ನ ಓದ್ತೀರ ಅಂತ ಗೊತ್ತು, ಹಾಗಾಗಿ ಒಂದೆರಡು ವಿಷಯ ಮೊದಲೇ ಹೇಳ್ಬಿಡ್ತೀನಿ. ಯೋಕ್ ಅಂದ್ರೆ ಕೈಯಲ್ಲಿ ಹಿಡಿಯೋ ಸ್ಟೀರಿಂಗ್ ಥರದ್ದು, ಅದನ್ನ ಎಡಕ್ಕೆ ತಿರುಗಿಸಿದ್ರೆ ರೆಕ್ಕೆ ಅಂಚಿನಲ್ಲಿರೋ ಏಲೆರಾನ್ ಕೆಲಸ ಮಾಡಿ ಎಡ ರೆಕ್ಕೆ ಕೆಳಗಿಳಿಯತ್ತೆ. ರಡರ್ ಕಾಲಲ್ಲಿ, ಬಲ ಪೆಡಲ್ ಒತ್ತಿದ್ರೆ ವಿಮಾನದ ಮೂತಿ ಬಲಕ್ಕೆ ತಿರುಗತ್ತೆ. ಬಾಲ್ ಅಂದ್ರೆ ಪ್ಯಾನೆಲ್‌ನಲ್ಲಿ ಬಾಗಿದ ಗಾಜಿನ ಕೊಳವೆಯೊಳಗೆ ಓಡಾಡೋ ಸಣ್ಣ ಗುಂಡು, ಅದು ನಡುವೆ ಇದ್ರೆ ವಿಮಾನ ಎದುರು ಗಾಳಿಗೆ ನೇರ ಮುಖ ಮಾಡಿ ಹೋಗ್ತಿದೆ, ಪಕ್ಕಕ್ಕೆ ಸರಿದ್ರೆ ಅಡ್ಡಡ್ಡ ಹೋಗ್ತಿದೆ ಅಂತ ಅರ್ಥ. ಫೈನಲ್ ಅಂದ್ರೆ ಇಳಿಯೋ ಮುಂಚೆ ರನ್‌ವೇಗೆ ನೇರ ಬರೋ ಕೊನೇ ಹಂತ, ಅದಕ್ಕೆ ಮುಂಚೆ ರನ್‌ವೇಗೆ ಅಡ್ಡಡ್ಡ ಹಾರೋ ಹಂತ ಬೇಸ್. ಫ್ಲಾಪ್ ಅಂದ್ರೆ ನಿಧಾನವಾಗಿ ಇಳಿಯೋಕೆ ರೆಕ್ಕೆ ಹಿಂದಿನ ಅಂಚಿಂದ ಕೆಳಗಿಳಿಸೋ ಪಟ್ಟಿ.

ಪ್ರಶ್ನೆ: ಸರ್, ನಾನು ಸೆಸ್ನಾ 172ರಲ್ಲಿ ಕಲೀತಾ ಇದೀನಿ. ಫೈನಲ್‌ಗೆ ತಿರುಗೋ ಹೊತ್ತಿಗೆ ಆಗಾಗ ತುಂಬಾ ಮೇಲಿರ್ತೀನಿ. ಮೂತಿ ಕೆಳಗೆ ಮಾಡಿದ್ರೆ ಸ್ಪೀಡ್ ಏರತ್ತೆ, ಆಮೇಲೆ ರನ್‌ವೇ ಮೇಲೆ ತೇಲ್ಕೊಂಡು ಅರ್ಧ ದೂರ ಹೋಗ್ತೀನಿ. ಇನ್‌ಸ್ಟ್ರಕ್ಟರ್ "ಸ್ಲಿಪ್ ಮಾಡು" ಅಂತಾರೆ ಆದ್ರೆ ಯಾವ ಕೈ ಯಾವ ಕಾಲು ಅನ್ನೋದೇ ಗೊಂದಲ. ಬಿಡಿಸಿ ಹೇಳ್ತೀರಾ?
ಒಬ್ಬ ಸ್ಟೂಡೆಂಟ್ ಪೈಲಟ್, ಮೈಸೂರು

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ ನೋಡಿ. ಎತ್ತರ ಅನ್ನೋದು ಕೂಡಿಟ್ಟ ಶಕ್ತಿ. ಮೂತಿ ಕೆಳಗೆ ಮಾಡಿದ್ರೆ ಅದು ಎಲ್ಲೂ ಹೋಗಲ್ಲ, ಸ್ಪೀಡ್ ಆಗಿ ಬದಲಾಗತ್ತೆ ಅಷ್ಟೆ, ಆ ಸ್ಪೀಡ್ ಕರಗೋ ತನಕ ವಿಮಾನ ನೆಲ ಮುಟ್ಟಲ್ಲ, ತೇಲ್ತಾನೇ ಇರತ್ತೆ. ಸ್ಲಿಪ್ ಮಾಡೋ ಕೆಲಸ ಏನಂದ್ರೆ ವಿಮಾನದ ಮೈಯನ್ನ ಗಾಳಿಗೆ ಅಡ್ಡ ಒಡ್ಡಿ ಡ್ರ್ಯಾಗ್ (ಗಾಳಿಯ ತಡೆ) ಜಾಸ್ತಿ ಮಾಡಿ ಆ ಶಕ್ತೀನ ಹೊರಗೆ ಚೆಲ್ಲೋದು. ಸ್ಪೀಡ್ ಏರಲ್ಲ, ಎತ್ತರ ಮಾತ್ರ ಬೇಗ ಇಳಿಯತ್ತೆ.

ಲೆಕ್ಕಕ್ಕೆ ಬನ್ನಿ. 3 ಡಿಗ್ರಿ ಇಳಿಜಾರಲ್ಲಿ ಬರ್ತಿದ್ರೆ ರನ್‌ವೇಯಿಂದ ಒಂದು ನಾಟಿಕಲ್ ಮೈಲಿ ದೂರದಲ್ಲಿ ನೀವು ಸುಮಾರು 300 ಅಡಿ ಮೇಲಿರಬೇಕು. 65 ನಾಟ್ಸ್‌ನಲ್ಲಿ (ಗಂಟೆಗೆ 65 ನಾಟಿಕಲ್ ಮೈಲಿ) ಆ ಒಂದು ಮೈಲಿ ಮುಗಿಯೋಕೆ 55 ಸೆಕೆಂಡ್ ಸಾಕು. ಈಗ ಅದೇ ಜಾಗದಲ್ಲಿ 900 ಅಡಿ ಮೇಲಿದೀರ ಅಂದ್ಕೊಳ್ಳಿ, ನಿಮಿಷಕ್ಕೆ ಸಾವಿರ ಅಡಿ ಹತ್ತಿರ ಇಳೀಬೇಕಾಗತ್ತೆ, ಇಂಜಿನ್‌ನ ಐಡಲ್‌ಗೆ, ಅಂದ್ರೆ ಕನಿಷ್ಠ ಪವರ್‌ಗೆ ತಂದ್ರೂ ಬರೀ ಗ್ಲೈಡ್‌ನಲ್ಲಿ ಅಷ್ಟು ಇಳಿಯಲ್ಲ, ಅಲ್ಲಿ ಸ್ಲಿಪ್ ಬೇಕು.

ಮಾಡೋ ವಿಧಾನ ಹೀಗೆ. ಮೊದಲು ಥ್ರಾಟಲ್ ಐಡಲ್. ಪವರ್ ಇಟ್ಕೊಂಡು ಸ್ಲಿಪ್ ಮಾಡೋದರಲ್ಲಿ ಅರ್ಥ ಇಲ್ಲ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡ ಹಾಗಾಗತ್ತೆ. ಕಾರ್ಬುರೇಟರ್ ಇರೋ ಹಳೇ 172 ಆಗಿದ್ರೆ ಕಾರ್ಬ್ ಹೀಟ್ (ಕಾರ್ಬುರೇಟರ್‌ನಲ್ಲಿ ಐಸ್ ಕಟ್ಟದ ಹಾಗೆ ಬಿಸಿ ಗಾಳಿ ಕೊಡೋದು) ಹಾಕಿ. ಸ್ಪೀಡ್ ಸರಿಯಾದ ಜಾಗಕ್ಕೆ ಬಂದು ನಿಲ್ಲಲಿ, 172 ಎಸ್ ಮಾಡೆಲ್‌ಗೆ ಫ್ಲಾಪ್ ಇಲ್ಲದೆ 65ರಿಂದ 75 ನಾಟ್ಸ್ ಅಂತ ಅದರ ಪುಸ್ತಕ ಹೇಳತ್ತೆ. ಆ ಸ್ಪೀಡ್‌ನಲ್ಲಿ ಮೂತಿ ದಿಗಂತಕ್ಕಿಂತ ಎಷ್ಟು ಕೆಳಗಿದೆ ಅಂತ ಕಣ್ಣಲ್ಲಿ ತುಂಬ್ಕೊಳ್ಳಿ, ಇದು ಆಮೇಲೆ ಬೇಕಾಗತ್ತೆ. ಈಗ ಗಾಳಿ ಯಾವ ಕಡೆಯಿಂದ ಬರ್ತಿದೆಯೋ ಆ ಕಡೆ ರೆಕ್ಕೆ ಇಳಿಸಿ. ಎಡದಿಂದ ಗಾಳಿ ಅಂದ್ರೆ ಯೋಕ್ ಎಡಕ್ಕೆ, ಅದೇ ಹೊತ್ತಿಗೆ ಬಲ ಕಾಲು ಮುಂದಕ್ಕೆ. ಎರಡೂ ಒಟ್ಟಿಗೆ, ನಿಧಾನಕ್ಕೆ, ಒದೆಯೋದಲ್ಲ ಒತ್ತೋದು. ರೆಕ್ಕೆ ಎಡಕ್ಕೆ ಎಳೆಯತ್ತೆ, ಮೂತಿ ಬಲಕ್ಕೆ ನೋಡತ್ತೆ, ಎರಡೂ ಸರಿದೂಗಿ ವಿಮಾನ ಮಾತ್ರ ಸೆಂಟರ್‌ಲೈನ್ ಮೇಲೇ ನೇರ ಹೋಗ್ತಿರತ್ತೆ.

ಪೂರ್ತಿ ಸ್ಲಿಪ್ ಬೇಕಂದ್ರೆ ಬಲ ಪೆಡಲ್ ಕೊನೇ ತನಕ ಒತ್ತಿ, ಮೊಣಕಾಲು ನೆಟ್ಟಗಾಗೋವರೆಗೂ, ಆಮೇಲೆ ಆ ಕಾಲನ್ನ ಅಲ್ಲೇ ಬಿಟ್ಬಿಡಿ. ದಾರಿ ಸರಿ ಮಾಡೋದೆಲ್ಲ ಯೋಕ್‌ನಿಂದ. ಸೆಂಟರ್‌ಲೈನ್ ಬಿಟ್ಟು ಎಡಕ್ಕೆ ಜಾರ್ತಿದೀರಾ, ರೆಕ್ಕೆ ಸ್ವಲ್ಪ ಎತ್ತಿ. ಬಲಕ್ಕೆ ಹೋಗ್ತಿದೀರಾ, ಸ್ವಲ್ಪ ಇಳಿಸಿ. ಕೈ ಕಾಲು ಎರಡನ್ನೂ ಒಟ್ಟಿಗೆ ಆಡಿಸ್ತಾ ಹೋದ್ರೆ ಯಾವುದು ಏನು ಮಾಡ್ತಿದೆ ಅಂತಾನೇ ತಿಳಿಯಲ್ಲ, ಶುರುವಿನಲ್ಲಿ ಎಲ್ಲರಿಗೂ ಆಗೋ ಗೊಂದಲ ಇದೇ, ನಿಮ್ಮದೂ ಇದೇ ಅನ್ಸತ್ತೆ. ರಡರ್ ಪೂರ್ತಿ ಒತ್ತಿದ ಮೇಲೂ ರೆಕ್ಕೆ ಇನ್ನಷ್ಟು ಇಳಿಸಿದ್ರೆ ವಿಮಾನ ಆ ಕಡೆ ತಿರುಗೋಕೆ ಶುರು ಮಾಡತ್ತೆ, ಅಲ್ಲಿಗೆ ಆ ವಿಮಾನದ ಸ್ಲಿಪ್ ಮಿತಿ ಮುಗೀತು.

ಆಗ ಏನೇನು ಅನುಭವ ಆಗತ್ತೆ ಅಂತ ಮೊದಲೇ ತಿಳ್ಕೊಂಡಿದ್ರೆ ಗಾಬರಿ ಆಗಲ್ಲ. ಗಾಳಿ ಸದ್ದು ಬದಲಾಗತ್ತೆ, ಎಡಗಡೆ ಬಾಗಿಲ ಸಂದಿಯಿಂದ ಗೊರ ಗೊರ ಅನ್ನತ್ತೆ. ನೀವು ಸೀಟಲ್ಲಿ ಎಡ ಬಾಗಿಲ ಕಡೆ ಜಾರ್ತೀರ. ಬಾಲ್ ಎಡಕ್ಕೆ ಹೋಗಿ ಕೊಳವೆ ತುದಿಗೆ ಅಂಟ್ಕೊಳತ್ತೆ. ರನ್‌ವೇ ಮೂತಿ ಮುಂದೆ ಕಾಣಲ್ಲ, ಗಾಜಿನ ಎಡಭಾಗಕ್ಕೆ ಸರಿದಿರತ್ತೆ. ಎಡ ಸೀಟಿನಲ್ಲಿ ಕೂತೋರಿಗೆ ಇದು ಅನುಕೂಲ, ರನ್‌ವೇ ಪೂರ್ತಿ ಕಣ್ಮುಂದೆ ಇರತ್ತೆ. ಬಲ ರೆಕ್ಕೆ ಇಳಿಸಿದಾಗ ಮಾತ್ರ ರನ್‌ವೇನ ಪಕ್ಕದ ಸೀಟಿನ ಕಡೆಯಿಂದ ಕತ್ತು ಚಾಚಿ ನೋಡ್ಬೇಕಾಗತ್ತೆ, ಅದಕ್ಕೇ ಬಹಳ ಜನ ಎಡ ಸ್ಲಿಪ್ ಒಂದನ್ನೇ ರೂಢಿ ಮಾಡ್ಕೊಂಡಿರ್ತಾರೆ. ಅದು ಸಾಲಲ್ಲ, ಎರಡೂ ಕಡೆ ಕಲೀಲೇಬೇಕು, ಗಾಳಿ ನಿಮ್ಮ ಇಷ್ಟ ಕೇಳಿ ಬರಲ್ಲ.

ಬಿಡೋವಾಗ ರೆಕ್ಕೆ ಮಟ್ಟ ಮಾಡ್ತಾ ಅದರ ಜೊತೆಗೇ ಕಾಲಿನ ಒತ್ತಡ ಸಡಿಲ ಮಾಡಿ, ಮೂತಿನ ಮಾಮೂಲಿ ಗ್ಲೈಡ್ ಮಟ್ಟಕ್ಕೆ ತನ್ನಿ. ಕಾಲನ್ನ ಥಟ್ ಅಂತ ತೆಗೆದ್ರೆ ಮೂತಿ ಒಂದೇ ಸಲ ತಿರುಗಿ ನೇರ ಆಗತ್ತೆ, ಸ್ಪೀಡ್ ಸರ್ರನೆ ಏರತ್ತೆ, ಆಗ ನೀವು ಕಳ್ಕೊಂಡಿದ್ದ ಶಕ್ತಿ ಸ್ವಲ್ಪ ವಾಪಸ್ ಬಂದ ಹಾಗೆ, ಮತ್ತೆ ತೇಲಾಟ.

ಪ್ರಶ್ನೆ: ಗಾಳಿ ಬರೋ ಕಡೆಯ ರೆಕ್ಕೇನೇ ಯಾಕೆ ಇಳಿಸಬೇಕು? ಫಾರ್ವರ್ಡ್ ಸ್ಲಿಪ್ ಬೇರೆ ಸೈಡ್ ಸ್ಲಿಪ್ ಬೇರೆ ಅಂತಾರಲ್ಲ, ಅದೇನು?
ಬೆಂಗಳೂರು

ಉತ್ತರ: ಗಾಳಿಯ ಲೆಕ್ಕದಲ್ಲಿ ಎರಡೂ ಒಂದೇ, ಎರಡರಲ್ಲೂ ಒಂದು ರೆಕ್ಕೆ ಕೆಳಗೆ, ಎದುರು ಕಾಲು ಒತ್ತಿರತ್ತೆ. ವ್ಯತ್ಯಾಸ ಉದ್ದೇಶದ್ದು. ಸೈಡ್ ಸ್ಲಿಪ್‌ನಲ್ಲಿ ಮೂತಿ ರನ್‌ವೇಗೆ ನೇರ ಇರತ್ತೆ, ಪಕ್ಕದ ಗಾಳಿ ತಳ್ಳೋದನ್ನ ತಡೆಯೋಕೆ ಎಷ್ಟು ಬೇಕೋ ಅಷ್ಟೇ ರೆಕ್ಕೆ ಇಳಿಸಿರ್ತೀರ, ಹಾಗೇ ನೆಲ ಮುಟ್ಟಬಹುದು. ಫಾರ್ವರ್ಡ್ ಸ್ಲಿಪ್‌ನಲ್ಲಿ ಮೂತಿ ಬೇಕಂತಲೇ ಪಕ್ಕಕ್ಕೆ ತಿರುಗಿರತ್ತೆ, ಎತ್ತರ ಕಳೆಯೋದೇ ಕೆಲಸ, ಹಾಗೇ ನೆಲ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಚಕ್ರದ ಕಾಲುಗಳ ಮೇಲೆ ಅಡ್ಡ ಹೊರೆ ಬೀಳತ್ತೆ, ಬಾಲದ ಚಕ್ರ ಇರೋ ವಿಮಾನ ಆದ್ರೆ ಗಿರ್ರನೆ ತಿರುಗಿ ಗ್ರೌಂಡ್ ಲೂಪ್ ಆಗೋ ಸಾಧ್ಯತೆ ಇದೆ.

ಇದರಲ್ಲೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಇದೆ. ಎಡದಿಂದ ಗಾಳಿ ಇದ್ದು ಎಡ ರೆಕ್ಕೆ ಇಳಿಸಿ ಬಂದ್ರೆ, ಕೆಳಗೆ ಬಂದ ಮೇಲೆ ಎರಡನ್ನೂ ಸ್ವಲ್ಪ ಕಮ್ಮಿ ಮಾಡಿದ್ರೆ ಸಾಕು, ಮೂತಿ ನೇರ ಆಗತ್ತೆ, ಎಡ ರೆಕ್ಕೆ ಸ್ವಲ್ಪ ಇಳಿದೇ ಇರತ್ತೆ, ಫಾರ್ವರ್ಡ್ ಸ್ಲಿಪ್ ತಾನಾಗೇ ಸೈಡ್ ಸ್ಲಿಪ್ ಆಗ್ಬಿಡತ್ತೆ. ಉಲ್ಟಾ ಕಡೆ ಇಳಿಸಿದ್ರೆ ನೆಲದ ಹತ್ತಿರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೂರ್ತಿ ಬದಲಾಯಿಸಬೇಕು, ಅಷ್ಟು ಕೆಳಗೆ ಅದು ಬೇಡವೇ ಬೇಡ.

ಪ್ರಶ್ನೆ: ನಮ್ಮ ಮಗಳು ಅಮೆರಿಕದ ಅರಿಜೋನಾದಲ್ಲಿ ಪೈಲಟ್ ಟ್ರೇನಿಂಗ್‌ನಲ್ಲಿದಾಳೆ. ಮೊನ್ನೆ ಫೋನಲ್ಲಿ "ಅಮ್ಮಾ ಇವತ್ತು ವಿಮಾನನ ಅಡ್ಡ ಮಾಡಿ ಜಾರಿಸ್ಕೊಂಡು ಇಳಿಸಿದೆ" ಅಂದ್ಲು. ಎರಡು ರಾತ್ರಿ ನಿದ್ದೆ ಬರ್ಲಿಲ್ಲ. ಇದನ್ನೆಲ್ಲ ಯಾಕೆ ಮಾಡಿಸ್ತಾರೆ?
ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ನಿಮ್ಮ ಮಗಳು ಸಾಹಸಕ್ಕೆ ಅಂತ ಮಾಡಿದ್ದಲ್ಲ ಅದು, ಪಾಠದ ಭಾಗ. ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಪರೀಕ್ಷೆಗೆ ಸ್ಲಿಪ್ ಮಾಡಿ ಇಳಿಸೋದು ಒಂದು ವಿಷಯವಾಗೇ ಇದೆ, ಮೊದಲೇ ಹೇಳಿದ ಜಾಗದಲ್ಲಿ ಅಥವಾ ಅದರಿಂದ ಮುಂದಕ್ಕೆ 400 ಅಡಿ ಒಳಗೆ ಚಕ್ರ ಮುಟ್ಟಿಸಬೇಕು, ಅದೂ ಪಕ್ಕಕ್ಕೆ ಒಂಚೂರೂ ಜಾರದ ಹಾಗೆ, ಮೂತಿ ನೇರ ಇಟ್ಕೊಂಡು. ಅಂದ್ರೆ ಮೇಲೆ ಅಡ್ಡ ಮಾಡಿದ್ರೂ ಇಳಿಯೋ ಹೊತ್ತಿಗೆ ನೆಟ್ಟಗೆ ಮಾಡಿರಬೇಕು, ಪರೀಕ್ಷೆ ಮಾಡೋರು ನೋಡೋದೇ ಅದನ್ನ.

ಮನೇಲಿ ಮೊರ ಇರತ್ತಲ್ಲ, ಅದನ್ನ ಗಾಳಿಗೆ ಅಂಚು ಕೊಟ್ಟು ಹಿಡಿದ್ರೆ ಏನೂ ಅನ್ಸಲ್ಲ, ಅಗಲ ಕೊಟ್ಟು ಹಿಡಿದ್ರೆ ಕೈ ಹಿಂದಕ್ಕೆ ಹೋಗತ್ತೆ. ವಿಮಾನನೂ ಹಾಗೇ, ಮೈ ಅಡ್ಡ ಕೊಟ್ರೆ ಗಾಳಿ ತಡೆಯತ್ತೆ, ಬೇಗ ಇಳಿಯತ್ತೆ. ಫ್ಲಾಪ್ ಇಲ್ಲದ ಕಾಲದ ವಿಮಾನಗಳಲ್ಲಿ ಎತ್ತರ ಕಳೆಯೋಕೆ ಇದೇ ಮುಖ್ಯ ದಾರಿ ಆಗಿತ್ತು. ನಮ್ಮ ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಒಂದು ಕಾಲಕ್ಕೆ ಟೈಗರ್ ಮಾತ್ ವಿಮಾನದಲ್ಲಿ ಕಲಿಸ್ತಿದ್ರು, ಅದಕ್ಕೆ ಫ್ಲಾಪೇ ಇಲ್ಲ, ಅಮೆರಿಕದ ಪೈಪರ್ ಜೆ-3 ಕಬ್‌ಗೂ ಇಲ್ಲ. ಅದರಲ್ಲಿ ಕಲಿತೋರಿಗೆಲ್ಲ ಸ್ಲಿಪ್ ದಿನನಿತ್ಯದ ಕೆಲಸ. ಮಗಳು ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಇಟ್ಕೊಂಡು ಇದನ್ನ ಚೆನ್ನಾಗಿ ಕಲೀತಿದಾಳೆ ಅಂದ್ರೆ ನೀವು ಧೈರ್ಯವಾಗಿ ನಿದ್ದೆ ಮಾಡಬಹುದು. ಇಂಜಿನ್ ಕೈಕೊಟ್ಟ ದಿನ ಅವಳಿಗೆ ಉಪಯೋಗಕ್ಕೆ ಬರೋ ಪಾಠಗಳಲ್ಲಿ ಇದೂ ಒಂದು.

ಪ್ರಶ್ನೆ: ಸರ್, ನಾ ಕಲಬುರಗಿಯೊಳಗ ಫ್ಲೈಯಿಂಗ್ ಕಲೀಲಿಕತ್ತೀನಿ. ನಮ್ಮ ರನ್‌ವೇ ಮೂರು ಕಿಲೋಮೀಟರ್ ಮ್ಯಾಲೆ ಅದ, ಎಷ್ಟ ಎತ್ತರದಿಂದ ಬಂದ್ರೂ ಇಳೀಲಿಕ್ಕೆ ಜಾಗಾ ಸಿಗ್ತದ. ಹಂಗಿದ್ದಮ್ಯಾಲೆ ಈ ಸ್ಲಿಪ್ ಯಾಕ ಕಲೀಬೇಕ್ರಿ?
ಕಲಬುರಗಿ

ಉತ್ತರ: ನಿಮ್ಮ ರನ್‌ವೇ ಉದ್ದ ಇರೋದು ನಿಜ, ಆದ್ರೆ ಇಂಜಿನ್ ನಿಂತ್ರೆ ನೀವು ಇಳಿಯೋದು ಆ ರನ್‌ವೇ ಮೇಲಲ್ಲ, ಯಾವುದೋ ತೊಗರಿ ಹೊಲದಲ್ಲಿ. ಅಂಥ ಹೊತ್ತಲ್ಲಿ ಒಳ್ಳೇ ಪೈಲಟ್ ಬೇಕಂತಲೇ ಸ್ವಲ್ಪ ಮೇಲೇ ಬರ್ತಾರೆ. ಯಾಕಂದ್ರೆ ಮೇಲಿದ್ರೆ ಕಳೆಯೋಕೆ ದಾರಿ ಇದೆ, ಕೆಳಗಾಗಿಬಿಟ್ರೆ ಏರಿಸೋಕೆ ಇಂಜಿನ್ನೇ ಇಲ್ಲ. ಹೊಲ ಖಂಡಿತ ಸಿಗತ್ತೆ ಅಂತ ಗಟ್ಟಿಯಾದ ಮೇಲೆ ಉಳಿದ ಎತ್ತರನ ಫ್ಲಾಪ್‌ನಲ್ಲೋ ಸ್ಲಿಪ್‌ನಲ್ಲೋ ಕಳೀತಾರೆ. ಸ್ಲಿಪ್‌ನ ದೊಡ್ಡ ಗುಣ ಇಲ್ಲಿದೆ, ಹಾಕಿದ್ದು ಸಾಕು ಅನ್ಸಿದ ತಕ್ಷಣ ತೆಗೀಬಹುದು, ಅರ್ಧ ಹಾಕ್ಬಹುದು, ಮತ್ತೆ ಹಾಕ್ಬಹುದು. ಫ್ಲಾಪ್ ಹಾಗಲ್ಲ, ಒಂದ್ಸಲ ಪೂರ್ತಿ ಇಳಿಸಿದ್ದನ್ನ ನೆಲದ ಹತ್ತಿರ ಎತ್ತಿದ್ರೆ ಲಿಫ್ಟ್ (ರೆಕ್ಕೆ ಮೇಲೆತ್ತಿ ಹಿಡಿಯೋ ಬಲ) ಹೋಗಿ ವಿಮಾನ ಕುಸಿಯತ್ತೆ.

ಇನ್ನೂ ಎರಡು ಸಂದರ್ಭ ಇವೆ. 172ರ ಈಗಿನ ಮಾಡೆಲ್‌ಗಳಲ್ಲಿ ಫ್ಲಾಪ್ ಕರೆಂಟ್ ಮೋಟಾರ್‌ನಿಂದ ಓಡೋದು, ಬ್ಯಾಟರಿ ಹೋಯ್ತು ಅಂದ್ರೆ ಫ್ಲಾಪ್ ಇಲ್ಲ, ಆಗ ಉಳಿಯೋದು ಸ್ಲಿಪ್ ಮಾತ್ರ. ಇನ್ನೊಂದು ರೆಕ್ಕೇಲಿ ಬೆಂಕಿ. ಬೆಂಕಿ ಫ್ಯೂಯೆಲ್ ಟ್ಯಾಂಕ್ ಕಡೆಗೂ ಕ್ಯಾಬಿನ್ ಕಡೆಗೂ ಬರದ ಹಾಗೆ ಸ್ಲಿಪ್ ಮಾಡಿ ಅಂತ 172ರ ಎಮರ್ಜೆನ್ಸಿ ಚೆಕ್‌ಲಿಸ್ಟ್‌ನಲ್ಲೇ ಬರೆದಿದೆ. ಆ ದಿನ ಕೂತು ಯಾವ ಕಾಲು ಅಂತ ಯೋಚನೆ ಮಾಡೋಕಾಗಲ್ರೀ.

ಪ್ರಶ್ನೆ: ಫ್ಲಾಪ್ ಇಳಿಸಿ ಸ್ಲಿಪ್ ಮಾಡಿದ್ರೆ ಸೆಸ್ನಾ ಬಿದ್ದು ಹೋಗತ್ತೆ ಅಂತ ಒಬ್ಬ ಸೀನಿಯರ್, ಏನೂ ಆಗಲ್ಲ ಅಂತ ಇನ್ನೊಬ್ಬ ಸೀನಿಯರ್. ಯಾರ ಮಾತು ಕೇಳ್ಬೇಕು?
ಬೆಂಗಳೂರು

ಉತ್ತರ: ಇಬ್ಬರದ್ದೂ ಬೇಡ, ನಿಮ್ಮ ವಿಮಾನದ ಪುಸ್ತಕ ತೆಗೆದು ಓದಿ. 172 ಅನ್ನೋ ಹೆಸರಲ್ಲಿ ದಶಕಗಳಿಂದ ಬೇರೆ ಬೇರೆ ಮಾಡೆಲ್ ಬಂದಿವೆ, ಮಾತೂ ಬೇರೆ ಬೇರೆ. ಹಳೇ ಮಾಡೆಲ್‌ಗಳಲ್ಲಿ ಫ್ಲಾಪ್ 40 ಡಿಗ್ರಿ ತನಕ ಇಳೀತಿತ್ತು, ಅಂಥ ವಿಮಾನಗಳಲ್ಲಿ ಫ್ಲಾಪ್ ಇಳಿಸಿದಾಗ ಸ್ಲಿಪ್ ತಪ್ಪಿಸಿ ಅನ್ನೋ ಫಲಕ ಇರತ್ತೆ. ಕಾರಣ ಇಷ್ಟು, ಪೂರ್ತಿ ಫ್ಲಾಪ್ ಇದ್ದು ಅಡ್ಡ ಹೋಗುವಾಗ ಫ್ಲಾಪ್‌ನಿಂದ ಹಿಂದೆ ಹೋಗೋ ಗಾಳಿ ಬಾಲದ ಮೇಲೆ ಹರಿಯೋ ರೀತಿ ಬದಲಾಗತ್ತೆ, ಬಾಲ ಕೆಳಗೆ ಒತ್ತೋ ಬಲ ಒಮ್ಮೆಲೇ ಕಮ್ಮಿಯಾದ್ರೆ ಮೂತಿ ಕೆಳಗೆ ಬೀಳತ್ತೆ. ಪ್ರತೀ ಸಲ ಆಗಲ್ಲ, ಸ್ಪೀಡ್, ಸ್ಲಿಪ್ ಎಷ್ಟು, ತೂಕ ಎಲ್ಲಿದೆ ಇವೆಲ್ಲ ಒಂದು ನಿರ್ದಿಷ್ಟ ರೀತಿ ಕೂಡಿ ಬಂದಾಗ ಆಗತ್ತೆ. ಅದಕ್ಕೇ ಒಬ್ಬ ಸೀನಿಯರ್‌ಗೆ ಆಗಿದೆ, ಇನ್ನೊಬ್ಬರಿಗೆ ಆಗಿಲ್ಲ, ಇಬ್ಬರೂ ಸುಳ್ಳು ಹೇಳ್ತಿಲ್ಲ.

ಈಗಿನ 172 ಎಸ್‌ನಲ್ಲಿ ಫ್ಲಾಪ್ 30 ಡಿಗ್ರಿಗೇ ನಿಲ್ಲತ್ತೆ. ಅದರ ಪುಸ್ತಕದಲ್ಲಿ 20 ಡಿಗ್ರಿಗಿಂತ ಹೆಚ್ಚು ಫ್ಲಾಪ್ ಇದ್ದಾಗ ಕಡಿದಾದ ಸ್ಲಿಪ್ ತಪ್ಪಿಸಿ, ಎಲಿವೇಟರ್ (ಮೂತಿ ಮೇಲೆ ಕೆಳಗೆ ಮಾಡೋ ಬಾಲದ ಪಟ್ಟಿ) ಸ್ವಲ್ಪ ಅಲುಗಾಡೋ ಪ್ರವೃತ್ತಿ ಇದೆ ಅಂತ ಹೇಳಿದಾರೆ. ತಪ್ಪಿಸಿ ಅಂದಿದಾರೆ, ನಿಷಿದ್ಧ ಅಂದಿಲ್ಲ. ಆದ್ರೂ ಕಲಿಯೋರಿಗೆ ನಾನು ಹೇಳೋದು 20ರ ಒಳಗೇ ಇರಿ, ಶುರುವಿನಲ್ಲಂತೂ ಫ್ಲಾಪ್ ಇಲ್ಲದೇ ಕಲೀರಿ. 500 ಅಡಿಯಲ್ಲಿ ಯೋಕ್ ಕೈಯಲ್ಲಿ ನಡುಗೋಕೆ ಶುರುವಾದ್ರೆ ಹೊಸಬರ ಗಮನ ಪೂರ್ತಿ ಅದರ ಮೇಲೇ ಹೋಗತ್ತೆ, ರನ್‌ವೇ ಮರೆತುಹೋಗತ್ತೆ.

ಫ್ಯೂಯೆಲ್ ವಿಷಯನೂ ಅದೇ ಪುಸ್ತಕದಲ್ಲಿ ನೋಡಿ. ಟ್ಯಾಂಕ್ ಕಾಲು ಭಾಗಕ್ಕಿಂತ ಕಮ್ಮಿ ಇದ್ದಾಗ ತುಂಬಾ ಹೊತ್ತು ಅಡ್ಡ ಹಾರಿದ್ರೆ ಪೆಟ್ರೋಲ್ ಒಂದು ಕಡೆಗೆ ಸರಿದು ಪೈಪ್ ಬಾಯಿ ಗಾಳಿಗೆ ತೆರೆದುಕೊಂಡು ಇಂಜಿನ್ ನಿಲ್ಲೋ ಸಾಧ್ಯತೆ ಇದೆ.

ಪ್ರಶ್ನೆ: ಸ್ಲಿಪ್‌ನಲ್ಲಿ ಸ್ಪೀಡ್ ಮೀಟರ್ ಸುಳ್ಳು ಹೇಳತ್ತೆ ಅಂತ ಕೇಳಿದೀನಿ. ಹಾಗಾದ್ರೆ ಸ್ಪೀಡ್ ಗೊತ್ತಾಗೋದು ಹೇಗೆ? ಸ್ಟಾಲ್ ಆದ್ರೆ?
ಉಡುಪಿ

ಉತ್ತರ: ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಬಹಳ ಮುಖ್ಯವಾದದ್ದು ಇದು. ಸ್ಪೀಡ್ ತೋರಿಸೋ ಉಪಕರಣ ಎರಡು ಒತ್ತಡ ಹೋಲಿಸಿ ಲೆಕ್ಕ ಹಾಕತ್ತೆ, ಒಂದು ಎದುರಿನಿಂದ ಬಂದು ಪಿಟೋ ಟ್ಯೂಬ್‌ಗೆ ಬಡಿಯೋ ಗಾಳಿದು, ಇನ್ನೊಂದು ವಿಮಾನದ ಮೈಮೇಲಿರೋ ಸಣ್ಣ ತೂತಿಂದು, ಅದಕ್ಕೆ ಸ್ಟ್ಯಾಟಿಕ್ ಪೋರ್ಟ್ ಅಂತಾರೆ. 172ರಲ್ಲಿ ಆ ತೂತು ಇರೋದು ಎಡಗಡೆ ಮಾತ್ರ. ಎಡ ರೆಕ್ಕೆ ಇಳಿಸಿ ಸ್ಲಿಪ್ ಮಾಡಿದ್ರೆ ಗಾಳಿ ನೇರ ಆ ತೂತಿನ ಕಡೆಗೇ ಬಡಿಯತ್ತೆ, ಮೀಟರ್ ಕಮ್ಮಿ ತೋರಿಸೋ ಕಡೆ ಹೋಗತ್ತೆ. ಬಲ ರೆಕ್ಕೆ ಇಳಿಸಿದ್ರೆ ತೂತು ಮರೆಯಲ್ಲಿರತ್ತೆ, ಜಾಸ್ತಿ ತೋರಿಸೋ ಕಡೆ ಹೋಗತ್ತೆ. ಎರಡನೇದರ ಬಗ್ಗೆ ಹುಷಾರಾಗಿರಬೇಕು, ಮೀಟರ್ 70 ಅಂತಿದೆ ಅಂತ ಮೂತಿ ಎತ್ತಿದ್ರೆ ನಿಜವಾದ ಸ್ಪೀಡ್ ಅದಕ್ಕಿಂತ ಕಮ್ಮಿ ಇರಬಹುದು.

ಅದಕ್ಕೇ ಮೊದಲ ಉತ್ತರದಲ್ಲಿ ಮೂತಿಯ ಮಟ್ಟ ಕಣ್ಣಲ್ಲಿ ತುಂಬ್ಕೊಳ್ಳಿ ಅಂದಿದ್ದು. ಸ್ಲಿಪ್‌ನಲ್ಲಿ ಸ್ಪೀಡ್ ಕಾಯೋದು ದಿಗಂತ ನೋಡ್ಕೊಂಡು, ಗಾಳಿ ಸದ್ದು ಕೇಳ್ಕೊಂಡು, ಮೀಟರ್ ಬರೀ ಓರೆಗಣ್ಣಿಗೆ. ಕಲಿಯೋಕೆ ಒಂದು ಒಳ್ಳೇ ಉಪಾಯ ಇದೆ, ನನ್ನ ಹತ್ರ ಕಲಿಯೋರಿಗೆಲ್ಲ ಮಾಡಿಸ್ತೀನಿ. ನೆಲದಿಂದ 3,000 ಅಡಿ ಮೇಲೆ ಹೋಗಿ, ಕೆಳಗೆ ಒಂದು ನೇರ ರಸ್ತೆ ಹಿಡ್ಕೊಂಡು ಪೂರ್ತಿ ಸ್ಲಿಪ್ ಹಾಕಿ, ಮೂತಿ ಮಟ್ಟ ಮಾತ್ರ ನೋಡ್ತಾ 500 ಅಡಿ ಇಳೀರಿ. ಆಮೇಲೆ ನಿಧಾನಕ್ಕೆ ಬಿಡಿ, ಬಾಲ್ ನಡುವೆ ಬಂದ ಕೂಡಲೇ ಮೀಟರ್ ನೋಡಿ, ಆಗ ಅದು ಹೇಳೋದು ನಿಜ. 70ಕ್ಕೆ ಶುರು ಮಾಡಿ ಬಿಟ್ಟಾಗ 85 ಇದ್ರೆ ಮೂತಿ ಬಿಟ್ಕೊಟ್ಟಿದೀರ, 58 ಇದ್ರೆ ಎಳೆದು ಹಿಡಿದಿದೀರ. ಬಲಕ್ಕೂ ಎಡಕ್ಕೂ ಮಾಡಿ, ಶುರುವಿನ ಸ್ಪೀಡ್ ಹತ್ತಿರಹತ್ತಿರ ಬರೋ ತನಕ ಮಾಡಿ. ಈ ಕೆಲಸ ಮುಗಿಸದೇ ಫೈನಲ್‌ನಲ್ಲಿ ಸ್ಲಿಪ್ ಹಾಕೋದು ನನಗೆ ಒಪ್ಪಿಗೆ ಇಲ್ಲ.

ಸ್ಟಾಲ್, ಅಂದ್ರೆ ಮೂತಿ ಜಾಸ್ತಿ ಎತ್ತಿ ರೆಕ್ಕೆ ಲಿಫ್ಟ್ ಕಳ್ಕೊಳೋದು, ಆ ವಿಷಯಕ್ಕೆ ಬಂದ್ರೆ, ಸ್ಲಿಪ್ ಮತ್ತೆ ಸ್ಕಿಡ್ ಎರಡನ್ನ ಬೇರೆ ಮಾಡಿ ನೋಡ್ಲೇಬೇಕು. ಎದ್ದಿರೋ ರೆಕ್ಕೆ ಕಡೆ ಕಾಲು ಒತ್ತಿದ್ರೆ ಸ್ಲಿಪ್. ಇಳಿದಿರೋ ರೆಕ್ಕೆ ಕಡೆ ಜಾಸ್ತಿ ಒತ್ತಿದ್ರೆ ಸ್ಕಿಡ್. ಸ್ಲಿಪ್‌ನಲ್ಲಿ ಸ್ಟಾಲ್ ಆದ್ರೆ ಸಾಮಾನ್ಯವಾಗಿ ವಿಮಾನ ರೆಕ್ಕೆ ಮಟ್ಟ ಆಗೋ ಕಡೆ ಉರುಳೋಕೆ ನೋಡತ್ತೆ. ಸ್ಕಿಡ್‌ನಲ್ಲಿ ಆದ್ರೆ ಇಳಿದಿರೋ ರೆಕ್ಕೇನೇ ಮೊದಲು ಸ್ಟಾಲ್ ಆಗಿ ಇನ್ನೂ ಕೆಳಗೆ ಬೀಳತ್ತೆ, ಅಲ್ಲಿಂದ ಸ್ಪಿನ್, ಅಂದ್ರೆ ಗಿರಗಿರ ಸುತ್ತುತ್ತಾ ಬೀಳೋದು. ಬೇಸ್‌ನಿಂದ ಫೈನಲ್‌ಗೆ ತಿರುಗೋವಾಗ ಸೆಂಟರ್‌ಲೈನ್ ದಾಟಿ ಹೋಗ್ತಿದೀನಿ ಅನ್ಸಿ, ರೆಕ್ಕೆ ಇನ್ನೂ ಇಳಿಸೋಕೆ ಹೆದರಿ, ಒಳಗಡೆ ಕಾಲು ಒತ್ತಿ ಮೂತಿ ತಿರುಗಿಸ್ತಾರಲ್ಲ, ಮೂತಿ ಬೀಳತ್ತೆ ಅಂತ ಯೋಕ್ ಹಿಂದಕ್ಕೂ ಎಳೀತಾರಲ್ಲ, ಜನ ಸಾಯೋದು ಅಲ್ಲಿ. ಆ ಎತ್ತರದಲ್ಲಿ ಸ್ಪಿನ್‌ನಿಂದ ಹೊರಗೆ ಬರೋಕೆ ಜಾಗ ಇಲ್ಲ. ಹಾಗಂತ ಸ್ಲಿಪ್‌ನಲ್ಲಿ ಏನಾದ್ರೂ ಮಾಡಬಹುದು ಅಂತಲ್ಲ, ಯೋಕ್ ಎಳೆದು ಹಿಡಿದ್ರೆ ಯಾವ ವಿಮಾನವಾದ್ರೂ ಸ್ಟಾಲ್ ಆಗತ್ತೆ.

ಪ್ರಶ್ನೆ: ದೊಡ್ಡ ಪ್ಯಾಸೆಂಜರ್ ವಿಮಾನದಲ್ಲೂ ಯಾರೋ ಸ್ಲಿಪ್ ಮಾಡಿ ಇಳಿಸಿದ್ರಂತೆ, ನಿಜಾನಾ?
ಶಿವಮೊಗ್ಗ

ಉತ್ತರ: ನಿಜ. 1983ರ ಜುಲೈ 23, ಏರ್ ಕೆನಡಾ ಫ್ಲೈಟ್ 143, ಬೋಯಿಂಗ್ 767. ಕೆನಡಾ ಆಗ ಪೌಂಡ್ ಲೆಕ್ಕದಿಂದ ಮೆಟ್ರಿಕ್ ಲೆಕ್ಕಕ್ಕೆ ಬದಲಾಗ್ತಿದ್ದ ಕಾಲ, ವಿಮಾನದ ಫ್ಯೂಯೆಲ್ ಮೀಟರ್ ಬೇರೆ ಕೆಟ್ಟಿತ್ತು, ಕೈಲೆಕ್ಕದಲ್ಲಿ ತಪ್ಪಾಗಿ 22,300 ಕಿಲೋ ಬದಲು 22,300 ಪೌಂಡ್ ಫ್ಯೂಯೆಲ್ ಇಟ್ಕೊಂಡು ಹೊರಟ್ರು, ಅಂದ್ರೆ ಬೇಕಾಗಿದ್ದರ ಅರ್ಧಕ್ಕಿಂತ ಕಮ್ಮಿ. 41,000 ಅಡಿ ಎತ್ತರದಲ್ಲಿದ್ದಾಗ ಫ್ಯೂಯೆಲ್ ಮುಗೀತಾ ಬಂತು, ಒಂದಾದ ಮೇಲೊಂದು ಎರಡೂ ಇಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಗ್ಲೈಡರ್ ಹಾರಿಸಿ ಅಭ್ಯಾಸ ಇದ್ದವರು, ಫಸ್ಟ್ ಆಫೀಸರ್ ಮಾರಿಸ್ ಕ್ವಿಂಟಾಲ್ ಹಿಂದೆ ಕೆನಡಾ ವಾಯುಪಡೆಯಲ್ಲಿದ್ದಾಗ ಗಿಮ್ಲಿ ಅನ್ನೋ ಬೇಸ್‌ನಲ್ಲಿ ಕೆಲಸ ಮಾಡಿದ್ರು, ಅಲ್ಲಿಗೇ ತಿರುಗಿಸಿದ್ರು. ಹತ್ತಿರ ಬಂದಾಗ ಎತ್ತರ ಜಾಸ್ತಿ, ಫ್ಲಾಪ್ ಇಲ್ಲ, ಇನ್ನೊಂದು ಸುತ್ತು ಹಾಕೋಕೆ ಎತ್ತರ ಸಾಲಲ್ಲ. ಪಿಯರ್ಸನ್ ಅಷ್ಟು ದೊಡ್ಡ ಜೆಟ್‌ನ ಸ್ಲಿಪ್‌ಗೆ ಹಾಕಿದ್ರು. ಒಂದು ಕಡೆ ಕಿಟಕಿಯವರಿಗೆ ಆಕಾಶ, ಇನ್ನೊಂದು ಕಡೆಯವರಿಗೆ ಕೆಳಗಿನ ಗಾಲ್ಫ್ ಮೈದಾನ. ರನ್‌ವೇ ಆಗಿದ್ದ ಜಾಗ ಅಷ್ಟೊತ್ತಿಗೆ ಕಾರ್ ರೇಸ್ ಟ್ರ್ಯಾಕ್ ಆಗಿತ್ತು, ಅವತ್ತು ಜನನೂ ಇದ್ರು. ಮುಂದಿನ ಚಕ್ರ ಲಾಕ್ ಆಗದೆ ಮಡಚ್ಕೊಂಡು ಮೂತಿ ಉಜ್ಜಿಕೊಂಡು ನಿಂತ್ರೂ ಒಳಗಿದ್ದ 69 ಜನರೂ ಉಳಿದ್ರು. ಆ ವಿಮಾನ ರಿಪೇರಿಯಾಗಿ 2008ರ ತನಕ ಹಾರಾಡ್ತು.

ಪಿಯರ್ಸನ್ ಬಗ್ಗೆ ನನಗೆ ಬಹಳ ಗೌರವ. ಇಂಜಿನ್ ಇಲ್ಲದೆ ಗಾಳಿಗೆ ತಿರುಗೋ ಒಂದು ಸಣ್ಣ ಟರ್ಬೈನ್‌ನಿಂದ ಕಂಟ್ರೋಲ್‌ಗೆ ಹೈಡ್ರಾಲಿಕ್ ಶಕ್ತಿ ಬರ್ತಿತ್ತು, ಸ್ಪೀಡ್ ಕಮ್ಮಿಯಾದಷ್ಟೂ ಅದರ ಶಕ್ತಿನೂ ಕಮ್ಮಿ, ಕಂಟ್ರೋಲ್ ಭಾರ. ಅಂಥದ್ರಲ್ಲೂ ಸಣ್ಣ ಗ್ಲೈಡರ್‌ನಲ್ಲಿ ಕಲಿತ ಅಭ್ಯಾಸ ಕೈಕಾಲಲ್ಲಿ ಉಳಿದಿತ್ತು.

ಪ್ರಶ್ನೆ: ಎಷ್ಟು ಕೆಳಗಿನ ತನಕ ಸ್ಲಿಪ್ ಹಿಡೀಬಹುದು? ಸ್ಲಿಪ್‌ನಲ್ಲಿದ್ದಾಗ ಗೋ ಅರೌಂಡ್ (ಇಳಿಯೋದು ಬಿಟ್ಟು ಮತ್ತೆ ಮೇಲೇರೋದು) ಮಾಡ್ಬೇಕಾಗಿ ಬಂದ್ರೆ?
ಒಬ್ಬ ಸ್ಟೂಡೆಂಟ್ ಪೈಲಟ್, ಬೆಂಗಳೂರು

ಉತ್ತರ: ನುರಿತವರು ಫ್ಲೇರ್ ತನಕನೂ, ಅಂದ್ರೆ ನೆಲ ಮುಟ್ಟೋ ಮುಂಚೆ ಮೂತಿ ಎತ್ತೋ ಗಳಿಗೆ ತನಕನೂ ಹಿಡೀತಾರೆ. ನೀವು ಕಲಿಯೋರು, ನಾನು ಹೇಳೋದು ನೆಲದಿಂದ 200 ಅಡಿ ಬರೋ ಹೊತ್ತಿಗೆ ಸ್ಲಿಪ್ ಪೂರ್ತಿ ತೆಗೆದು, ಬಾಲ್ ನಡುವೆ ಇದ್ದು, ಮೀಟರ್ ಸರಿಯಾದ ಸ್ಪೀಡ್ ತೋರಿಸ್ತಿರಬೇಕು. ಸ್ಲಿಪ್‌ನಲ್ಲಿ ನಿಮಿಷಕ್ಕೆ ಸಾವಿರ ಅಡಿ ಇಳೀತಿದ್ರೆ 200 ಅಡಿ ಅಂದ್ರೆ ಬರೀ 12 ಸೆಕೆಂಡ್ ದೂರ. ಆ ಇಳಿಯೋ ವೇಗ ನಿಲ್ಲಿಸೋಕೂ ಜಾಗ ಬೇಕು. ಬೆಂಗಳೂರಿನವರು ಇನ್ನೊಂದು ಮಾತು ಲೆಕ್ಕಕ್ಕೆ ಇಟ್ಕೊಳ್ಳಿ, ಜಕ್ಕೂರು ಏರೋಡ್ರೋಮ್ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ, ಗಾಳಿ ತೆಳು, ಮೀಟರ್ 65 ತೋರಿಸಿದ್ರೂ ನಿಜವಾದ ವೇಗ 70 ಹತ್ತಿರ, ಮಂಗಳೂರಲ್ಲಿ ಇಳಿದ ಅಂದಾಜು ಇಲ್ಲಿ ಹಾಗೇ ಹೊಂದಲ್ಲ.

ಇನ್ನು 200 ಅಡಿಗೆ ಬಂದಾಗಲೂ ಮೇಲೇ ಇದೀರ ಅಂದ್ರೆ ಇನ್ನಷ್ಟು ಸ್ಲಿಪ್ ಹಾಕೋ ಯೋಚನೆ ಬಿಡಿ, ಗೋ ಅರೌಂಡ್. ಇಂಜಿನ್ ಚೆನ್ನಾಗಿ ಓಡ್ತಿರೋವಾಗ ಒಂದು ಸುತ್ತು ಜಾಸ್ತಿ ಹಾಕೋಕೆ ಯಾರೂ ಬೈಯಲ್ಲ, ಬೈಯೋ ಇನ್‌ಸ್ಟ್ರಕ್ಟರ್ ಸಿಕ್ಕಿದ್ರೆ ಅವರನ್ನ ಬದಲಾಯಿಸಿ. ಸ್ಲಿಪ್ ಅನ್ನೋದು 800, 900 ಅಡಿಯಲ್ಲಿ ಸಮಾಧಾನವಾಗಿ ತಗೊಳೋ ತೀರ್ಮಾನ. ಕೊನೇ ಗಳಿಗೇಲಿ ಕೆಟ್ಟ ಅಪ್ರೋಚ್‌ನ ಹೇಗಾದ್ರೂ ಉಳಿಸ್ಕೊಳೋಕೆ ಇರೋದಲ್ಲ.

ಗೋ ಅರೌಂಡ್‌ನಲ್ಲಿ ಒಂದು ಸೂಕ್ಷ್ಮ ಇದೆ. ಬಲ ರೆಕ್ಕೆ ಇಳಿಸಿ ಸ್ಲಿಪ್‌ನಲ್ಲಿದೀರ ಅಂದ್ರೆ ಎಡ ಪೆಡಲ್ ಪೂರ್ತಿ ಒತ್ತಿರತ್ತೆ, ಮೂತಿ ಆಗಲೇ ಎಡಕ್ಕಿದೆ. ಅದೇ ಸ್ಥಿತೀಲಿ ಫುಲ್ ಪವರ್ ಕೊಟ್ರೆ ಪ್ರೊಪೆಲರ್‌ನ ಎಳೆತನೂ ಮೂತಿನ ಎಡಕ್ಕೇ ತಿರುಗಿಸತ್ತೆ, ಎರಡೂ ಸೇರಿ ವಿಮಾನ ಕೈ ಮೀರೋ ಹಾಗಾಗತ್ತೆ. ಹಾಗಾಗಿ ಮೊದಲು ಕಾಲು ಸಡಿಲ ಮಾಡಿ ರೆಕ್ಕೆ ಮಟ್ಟ ಮಾಡ್ತಾ, ಅದರ ಜೊತೆಗೇ ಪವರ್ ಪೂರ್ತಿ, ಬಲಗಾಲು ಸ್ವಲ್ಪ ಒತ್ತಿ ಬಾಲ್ ನಡುವಿಗೆ. ಕಾರ್ಬ್ ಹೀಟ್ ಹಾಕಿದ್ರೆ ತೆಗೀರಿ. ಫ್ಲಾಪ್ ಪೂರ್ತಿ ಇದ್ರೆ 20ಕ್ಕೆ ತನ್ನಿ, ಒಂದೇ ಸಲ ಸೊನ್ನೆಗೆ ಬೇಡ, ಸ್ಪೀಡ್ ಕಟ್ಟಿದ ಮೇಲೆ ಉಳಿದದ್ದು.

ಪ್ರಶ್ನೆ: ಸೋಲೋ ಹೋದಾಗ ಒಬ್ಬನೇ ಪ್ರಾಕ್ಟೀಸ್ ಮಾಡ್ಲಾ?
ಹುಬ್ಬಳ್ಳಿ

ಉತ್ತರ: ಇನ್‌ಸ್ಟ್ರಕ್ಟರ್ ಜೊತೆ ಎರಡೂ ಕಡೆ ಮಾಡಿ, ಅವರು ಸೋಲೋದಲ್ಲಿ ಮಾಡಬಹುದು ಅಂತ ಒಪ್ಪಿದ ಮೇಲೆ ಮಾಡಿ. ಮೊದಲ ಕೆಲವು ಸಲ ಗಾಳಿ ಕಮ್ಮಿ ಇರೋ ಬೆಳಗಿನ ಹೊತ್ತು ಆರಿಸ್ಕೊಳ್ಳಿ, ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ, ಮೇಲೆ ಹೇಳಿದ 3,000 ಅಡಿಯ ಅಭ್ಯಾಸ ಅವತ್ತೇ ಒಂದ್ಸಲ ಮುಗಿಸ್ಕೊಂಡು ಸರ್ಕಿಟ್‌ಗೆ (ಇಳಿಯೋಕೆ ರನ್‌ವೇ ಸುತ್ತ ಹಾರೋ ದಾರಿ) ಬನ್ನಿ. ಮುಂದೆ ಸ್ನೇಹಿತರನ್ನ ಕರ್ಕೊಂಡು ಹೋಗೋ ದಿನ ಬಂದಾಗ, ಸ್ಲಿಪ್ ಹಾಕೋ ಮೊದಲು ಅವರಿಗೆ ಒಂದು ಮಾತು ಹೇಳಿ, ಗೊತ್ತಿಲ್ಲದೋರು ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನ ಹಿಡ್ಕೋತಾರೆ, ಅದು ಅವರ ಮುಂದಿರೋ ಯೋಕೂ ಆಗಿರಬಹುದು.